ನಾಲ್ಕನೇ ನಂಬರಿನ ಬಾಗಿಲು



ನಮ್ಮ ಫೋರ್ ಎಸ್ ರ್ಯಾಂಚಿನ ಗ್ಯಾರೇಜುಗಳನ್ನು ನೀವೂ ನೋಡಿದ್ದೀರಿ. ಕಾರು ನಿಲ್ಲಿಸಲೆಂದು ಕಟ್ಟಿದ ಜಾಗ, ಆದರೆ ಕಾರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲಿರುತ್ತದೆ! ಹೋದ ಯುಗಾದಿಗೆ ಮುಂಚೆ ಬಳಗದ ಗೆಳೆಯರೊಬ್ಬರು ಮನೆ ಬದಲಾಯಿಸುತ್ತಿದ್ದರು. ಪೆಟ್ಟಿಗೆ ಹೊರಲು ನಾವು ಮೂವರು ಹೋಗಿದ್ದೆವು. ಮೂವರೂ ಸಾಫ್ಟ್‌ವೇರ್ ಇಂಜಿನಿಯರುಗಳು, ನಲವತ್ತು ದಾಟಿದವರು, ಬೆನ್ನು ನೋವಿನವರು. ದಸರಾ ಬೊಂಬೆಗಳ ಪೆಟ್ಟಿಗೆಯ ತಳದಲ್ಲಿ ಒಂದು ಸಿಡಿ ಸಿಕ್ಕಿತು. ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದಿತ್ತು: ‘ಮೇಷ್ಟ್ರು, 1997’.

ಹಳೆಯ ಸದಸ್ಯರಿಗೆ ಮೇಷ್ಟ್ರ ಪರಿಚಯ ಬೇಕಿಲ್ಲ. ಹೊಸಬರಿಗಾಗಿ ಎರಡು ಮಾತು. ಮಲೆನಾಡಿನ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದು, ನಿವೃತ್ತಿಯಾದ ಮೇಲೆ ಮಗನ ಮನೆಗೆಂದು ರ್ಯಾಂಚೊ ಬರ್ನಾರ್ಡೊಗೆ ಬಂದವರು. ಆಗ ಫೋರ್ ಎಸ್ ರ್ಯಾಂಚ್ ಅಂದರೆ ಬಹುಪಾಲು ಬರೀ ಗುಡ್ಡ. ಮೇಷ್ಟ್ರು ಸಂಜೆ ಹೊತ್ತು ತಮ್ಮ ಶಾಲೆಯ ನೆನಪುಗಳನ್ನು ಹೇಳುತ್ತಾ ಹೋದರು. ಕಂಪ್ಯೂಟರ್ ಬಲ್ಲ ಗೆಳೆಯನೊಬ್ಬ ಅದನ್ನು ಟೈಪ್ ಮಾಡುತ್ತಾ ಹೋದ. ಒಟ್ಟು ಹನ್ನೊಂದು ಅಧ್ಯಾಯ. ಎರಡು ಮಾತ್ರ ಆ ವರ್ಷದ ಸ್ಮರಣ ಸಂಚಿಕೆಯಲ್ಲಿ ಅಚ್ಚಾದವು. ಮಿಕ್ಕ ಒಂಬತ್ತು ‘ಮುಂದಿನ ಸಲ’ ಎಂದು ಉಳಿದವು. ಮುಂದಿನ ಸಲ ಬರಲೇ ಇಲ್ಲ.

2007ರ ಅಕ್ಟೋಬರಿನಲ್ಲಿ ವಿಚ್ ಕ್ರೀಕ್ ಬೆಂಕಿ ಬಂತು. 21ರಂದು ಪೂರ್ವದ ಗುಡ್ಡಗಳಲ್ಲಿ ಹೊತ್ತಿಕೊಂಡದ್ದು ಸಾಂಟಾ ಆನಾ ಗಾಳಿಯ ಬೆನ್ನೇರಿ ಮರುದಿನ ಬೆಳಗಾಗುವ ಹೊತ್ತಿಗೆ ರ್ಯಾಂಚೊ ಬರ್ನಾರ್ಡೊಗೆ ನುಗ್ಗಿತು. ಅಲ್ಲಿ ಮುನ್ನೂರಕ್ಕೂ ಹೆಚ್ಚು ಮನೆಗಳು ಸುಟ್ಟವು. ಮೇಷ್ಟ್ರ ಮಗನ ಮನೆ ಅವುಗಳಲ್ಲಿ ಒಂದು. ಜೀವಕ್ಕೆ ಅಪಾಯವಾಗಲಿಲ್ಲ, ಪಾಸ್‌ಪೋರ್ಟು, ಆಲ್ಬಮ್ಮು ಹಿಡಿದು ಹೊರಟುಬಿಟ್ಟಿದ್ದರು. ಮೇಷ್ಟ್ರ ಕೈಬರಹದ ನೋಟ್‌ಬುಕ್ಕುಗಳು ಮಾತ್ರ ಉಳಿಯಲಿಲ್ಲ. ಕೆಲವು ವರ್ಷಗಳ ನಂತರ ಮೇಷ್ಟ್ರೂ ಹೋದರು.

ಸಿಡಿ ಸಿಕ್ಕ ಸುದ್ದಿ ಕೇಳಿ ಅವರ ಸೊಸೆ ಫೋನ್ ಮಾಡಿದರು. “ನಮ್ಮ ಮಾವ ಹೇಳಿ ಬರೆಸಿದ್ದು ಅದರಲ್ಲಿ ಇದೆಯಾ, ಸ್ವಲ್ಪ ನೋಡ್ತೀರಾ?”

“ನೋಡ್ತೀವಿ ಅಕ್ಕಾ, ಅದೇನು ದೊಡ್ಡ ವಿಷಯ” ಅಂದುಬಿಟ್ಟೆವು. ದೊಡ್ಡ ವಿಷಯವೇ ಆಯಿತು. ಅದನ್ನು ಬಿಡಿಸಲು ಹೋಗಿ ನಾವು ಓದಿ ತಿಳಿದ ಚರಿತ್ರೆಯೇ ಈ ಲೇಖನ. ಕಂಪ್ಯೂಟರಿನ ಮಾತು ಬರುತ್ತದೆ ಎಂದು ಗಾಬರಿಯಾಗಬೇಡಿ. ಇದು ಮುಖ್ಯವಾಗಿ ಮಾತು ಉಳಿಸಿಕೊಳ್ಳುವವರ ಕಥೆ.

ಇದ್ದೂ ಇಲ್ಲದ ಫೈಲು

ಸಿಡಿಯಲ್ಲಿ ಎರಡು ಬಗೆಯ ಫೈಲುಗಳಿದ್ದವು. ಒಂದು, ಮೇಷ್ಟ್ರ ಹನ್ನೊಂದು ಅಧ್ಯಾಯಗಳು. ಇನ್ನೊಂದು, ಅವನ್ನು ಕನ್ನಡದಲ್ಲಿ ಅಚ್ಚು ಹಾಕಲು ಆ ಗೆಳೆಯ ಬರೆದ ಒಂದು ಪುಟ್ಟ ಪ್ರೋಗ್ರಾಮು. ಆಗ ಕನ್ನಡ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಹೇಗೆ ಇಡಬೇಕೆಂಬುದಕ್ಕೆ ಎಲ್ಲರೂ ಒಪ್ಪಿ ಬಳಸುವ ಒಂದು ಪದ್ಧತಿ ಇರಲಿಲ್ಲ. ಹಾಗಾಗಿ ಆತ ಅಕ್ಷರಕ್ಕೊಂದು, ಒತ್ತಕ್ಷರಕ್ಕೊಂದು ಎಂದು ತನ್ನದೇ ನಂಬರು ಕೊಟ್ಟಿದ್ದ. ಅಧ್ಯಾಯದ ಫೈಲು ತೆರೆದರೆ ಕಾಣುವುದು ಬರೀ ಕಲಸುಮೇಲೋಗರ. ಯಾವ ನಂಬರು ಯಾವ ಅಕ್ಷರ ಎಂಬುದು ಆ ಪ್ರೋಗ್ರಾಮಿಗೆ ಮಾತ್ರ ಗೊತ್ತು.

ಈಗ ಬೇರೆ ರಾಜ್ಯದಲ್ಲಿರುವ ಗೆಳೆಯನನ್ನು ಕೇಳಿದೆವು. ಸೋರ್ಸ್ ಕೋಡ್, ಅಂದರೆ ಮನುಷ್ಯರು ಓದಬಹುದಾದ ಮೂಲ ಬರಹ, ಎಂದೋ ಸತ್ತ ಹಾರ್ಡ್ ಡಿಸ್ಕಿನ ಜೊತೆ ಹೋಯಿತಂತೆ. ಉಳಿದದ್ದು ಯಂತ್ರಕ್ಕೆ ಮಾತ್ರ ಅರ್ಥವಾಗುವ ಬೈನರಿ. ಅಡುಗೆ ಇದೆ, ಮಾಡುವ ವಿಧಾನ ಬರೆದಿಟ್ಟ ಚೀಟಿ ಇಲ್ಲ ಅನ್ನುವ ಹಾಗೆ.

ಸರಿ, ಇಂದಿನ ಲಿನಕ್ಸ್ ಯಂತ್ರದಲ್ಲಿ ಅದನ್ನೇ ಓಡಿಸಿ ನೋಡೋಣ ಎಂದುಕೊಂಡೆವು. ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಬಂದ ಉತ್ತರ: ಅಂಥ ಫೈಲೇ ಇಲ್ಲ! ಫೈಲು ಕಣ್ಣ ಮುಂದೆಯೇ ಕೂತಿದೆ. ಪಟ್ಟಿ ಮಾಡಿದರೆ ಹೆಸರು, ಗಾತ್ರ, ತಾರೀಖು ಎಲ್ಲ ತೋರಿಸುತ್ತದೆ. ಓಡು ಅಂದರೆ ಇಲ್ಲವೇ ಇಲ್ಲ ಅನ್ನುತ್ತದೆ.

ಯೂನಿಕ್ಸ್ ಜಾತಿಯ ವ್ಯವಸ್ಥೆಗಳಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತಿರುವ ತಮಾಷೆ. ಇಲ್ಲದಿರುವುದು ನಮ್ಮ ಪ್ರೋಗ್ರಾಮಲ್ಲ. ಅದು ಓಡಲು ಕರೆಯುವ ಸಹಾಯಕ. ಪ್ರೋಗ್ರಾಮಿನ ಹೊಟ್ಟೆಯೊಳಗೆ ಒಂದು ವಿಳಾಸ ಬರೆದಿರುತ್ತದೆ: ‘ನನ್ನನ್ನು ಎಬ್ಬಿಸುವ ಮೊದಲು ಇಂಥ ಕಡೆ ಇರುವ ಲೋಡರನ್ನು ಕರೆಯಿರಿ, ನನಗೆ ಬೇಕಾದ ಲೈಬ್ರರಿಗಳನ್ನು ಅವನು ಜೋಡಿಸುತ್ತಾನೆ’ ಎಂದು. 1997ರ ನಮ್ಮ ಪ್ರೋಗ್ರಾಮು ಕೇಳುತ್ತಿದ್ದದ್ದು ಆ ಲೋಡರಿನ ಒಂದನೇ ಆವೃತ್ತಿಯನ್ನು. ಇಂದಿನ ಯಂತ್ರದಲ್ಲಿ ಅದು ಇರುವುದೇ ಇಲ್ಲ. ಊರಿನ ಹಳೇ ಮನೆಗೆ ಬಂದ ಅಜ್ಜ ‘ಬೋರಣ್ಣ ಎಲ್ಲಿ, ಬಾಗಿಲು ತೆಗೆಯೋಕೆ ಹೇಳಿ’ ಅಂದರೆ, ಒಳಗಿನವರು ‘ಅಂಥವರು ಯಾರೂ ಇಲ್ಲ’ ಅಂದ ಹಾಗೆ.

ಬಾಗಿಲುಗಳಿಗೆ ನಂಬರು

ಲೋಡರು ಮತ್ತು ಲೈಬ್ರರಿ ಹೊರಗಿನ ಜಗಲಿಯ ವಿಷಯ. ಮನೆಯ ಯಜಮಾನ ಕರ್ನಲ್. ಡಿಸ್ಕ್, ಕೀಬೋರ್ಡ್, ಮೆಮೊರಿ ಎಲ್ಲ ಅವನ ಕೈಯಲ್ಲಿ. ಪ್ರೋಗ್ರಾಮುಗಳು ಅವನನ್ನು ನೇರವಾಗಿ ಮುಟ್ಟುವ ಹಾಗಿಲ್ಲ. ನಂಬರು ಹಾಕಿದ ಬಾಗಿಲುಗಳಲ್ಲಿ ನಿಂತು ಕೇಳಬೇಕು. ಇದನ್ನೇ ಸಿಸ್ಟಮ್ ಕಾಲ್ ಅನ್ನುತ್ತಾರೆ.

ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಯೂನಿಕ್ಸ್ ಕೆಲಸ ಶುರುಮಾಡಿದರು. 1971ರಲ್ಲಿ ಮೊದಲ ಆವೃತ್ತಿಯ ಕೈಪಿಡಿ ಬಂತು. ಆಗಲೇ ನಂಬರುಗಳಿದ್ದವು. ಒಂದು ಅಂದರೆ ಕೆಲಸ ಮುಗಿಸು, ಎರಡು ಅಂದರೆ ನನ್ನ ಹಾಗೇ ಇನ್ನೊಬ್ಬನನ್ನು ಹುಟ್ಟಿಸು, ಮೂರು ಓದು, ನಾಲ್ಕು ಬರೆ, ಐದು ಫೈಲು ತೆರೆ, ಆರು ಮುಚ್ಚು. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಫಿನ್ಲೆಂಡಿನಲ್ಲಿ ಇಂಟೆಲ್ 386 ಚಿಪ್ಪಿಗೆ ಹೊಸದಾಗಿ ಲಿನಕ್ಸ್ ಬರೆದಾಗ, ಬೆಲ್ ಲ್ಯಾಬ್ಸ್‌ನ ಒಂದು ಸಾಲು ಕೋಡೂ ಅದರಲ್ಲಿರಲಿಲ್ಲ. ಆದರೂ ಈ ಮೊದಲ ಬಾಗಿಲುಗಳ ನಂಬರು ಅವೇ. ಕನ್ನಡದ ಹನ್ನೊಂದು ಅಧ್ಯಾಯಗಳನ್ನು ಬರೆಯಲು 1997ರಲ್ಲಿ ನಮ್ಮ ಪ್ರೋಗ್ರಾಮು ತಟ್ಟುತ್ತಿದ್ದದ್ದು ನಾಲ್ಕನೇ ನಂಬರಿನ ಬಾಗಿಲನ್ನೇ.

2003ರಲ್ಲಿ ಎಎಂಡಿ ಕಂಪನಿಯ 64 ಬಿಟ್ ಚಿಪ್ಪುಗಳು ಬಂದವು. ಅವಕ್ಕೆಂದು ಲಿನಕ್ಸಿನಲ್ಲಿ ಬಾಗಿಲುಗಳಿಗೆ ಹೊಸ ನಂಬರು ಹಾಕಿದರು. ಹೊಸ ಲೆಕ್ಕದಲ್ಲಿ ‘ಬರೆ’ ಎಂಬುದು ಒಂದನೇ ಬಾಗಿಲು. ಹಳೇ ಲೆಕ್ಕದಲ್ಲಿ ಒಂದು ಅಂದರೆ ಕೆಲಸ ಮುಗಿಸು! ಹಳೇ ಪಟ್ಟಿಯನ್ನು ಎಸೆದುಬಿಟ್ಟಿದ್ದರೆ ಹಳೇ ಪ್ರೋಗ್ರಾಮುಗಳ ಗತಿ ಏನಾಗುತ್ತಿತ್ತೆಂದು ಊಹಿಸಿ. ಹಾಗಾಗಿ ಕರ್ನಲ್ ಎರಡೂ ಪಟ್ಟಿ ಇಟ್ಟುಕೊಂಡಿದೆ. ಬಂದ ಪ್ರೋಗ್ರಾಮು 32 ಬಿಟ್‌ನದೆಂದು ತಿಳಿದರೆ ಹಳೇ ಪಟ್ಟಿ ನೋಡುತ್ತದೆ, ಚಿಕ್ಕ ಅಂಕಿಗಳನ್ನು ದೊಡ್ಡದಕ್ಕೆ ಹೊಂದಿಸಿಕೊಂಡು ಕೆಲಸ ಮಾಡಿಕೊಡುತ್ತದೆ. ಪ್ರೋಗ್ರಾಮಿಗೆ ತಾನು 1997ರಲ್ಲೇ ಇದ್ದೇನೆ ಅನ್ನಿಸುತ್ತದೆ.

ಇದು ತಾನಾಗಿಯೇ ಆಗುವುದಲ್ಲ. ಪ್ರತಿ ಬಾರಿ ಏನಾದರೂ ಬದಲಾದಾಗ ಯಾರೋ ಒಬ್ಬರು ಕೂತು ಹಳೇ ಬಾಗಿಲಿನ ಕೀಲಿಗೆ ಎಣ್ಣೆ ಹಾಕಬೇಕು. ಪ್ರೋಗ್ರಾಮುಗಳು ಮುರಿಯುವ ಹಾಗೆ ಕರ್ನಲ್ ಬದಲಾಗಬಾರದೆಂಬ ನಿಯಮದ ಬಗ್ಗೆ ಟೋರ್ವಾಲ್ಡ್ಸ್ ಎಷ್ಟು ಕಟ್ಟುನಿಟ್ಟು ಅಂದರೆ, 2012ರ ಡಿಸೆಂಬರಿನಲ್ಲಿ ಅದನ್ನು ಮೀರಿದ ಸಹೋದ್ಯೋಗಿಯೊಬ್ಬರಿಗೆ ಅವರು ಬಹಿರಂಗವಾಗಿ ಬರೆದ ಬೈಗುಳದ ಪತ್ರ ಇಂದಿಗೂ ಪ್ರಸಿದ್ಧ. ಬೈದ ರೀತಿ ನಮಗೆ ಹಿಡಿಸುವುದಿಲ್ಲ. ನಿಯಮ ಹಿಡಿಸುತ್ತದೆ.

ನಮ್ಮೂರಿನ ಇನ್ನೊಂದು ದಾರಿ

ಹಳೇ ಪ್ರೋಗ್ರಾಮು ಉಳಿಸುವುದಕ್ಕೆ ಇನ್ನೊಂದು ದಾರಿಯಿದೆ. ಅದರ ಒಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮ ಮನೆಗಳಿಂದ ಅರ್ಧ ಗಂಟೆಯ ದಾರಿಯಲ್ಲಿ, ಲಾ ಹೋಯಾದ ಯುಸಿಎಸ್‌ಡಿಯಲ್ಲಿ. ಭಾನುವಾರ ಸಮುದ್ರ ನೋಡಲು ಹೋಗುವಾಗ ನಾವೆಲ್ಲ ಅದರ ಪಕ್ಕದಲ್ಲೇ ಹಾದುಹೋಗುತ್ತೇವೆ.

1970ರ ದಶಕದ ನಡುವಿನಲ್ಲಿ ಅಲ್ಲಿನ ಪ್ರೊಫೆಸರ್ ಕೆನೆತ್ ಬೌಲ್ಸ್‌ಗೆ ಒಂದು ತಲೆನೋವಿತ್ತು. ವಿದ್ಯಾರ್ಥಿಗಳಿಗೆ ಪ್ಯಾಸ್ಕಲ್ ಭಾಷೆಯಲ್ಲಿ ಪ್ರೋಗ್ರಾಮಿಂಗ್ ಕಲಿಸಬೇಕು. ಸಣ್ಣ ಕಂಪ್ಯೂಟರುಗಳು ಬರುತ್ತಿದ್ದವು, ಆದರೆ ಒಂದೊಂದರ ಚಿಪ್ಪೂ ಬೇರೆ ಬೇರೆ. ಒಂದಕ್ಕೆ ಬರೆದದ್ದು ಇನ್ನೊಂದರಲ್ಲಿ ಓಡುವುದಿಲ್ಲ. ಅವರೂ ಅವರ ವಿದ್ಯಾರ್ಥಿಗಳೂ ಹಿಡಿದ ಉಪಾಯ ಇದು. ಎಲ್ಲೂ ಇಲ್ಲದ ಒಂದು ಕಾಲ್ಪನಿಕ ಯಂತ್ರವನ್ನು ಇಟ್ಟುಕೊಳ್ಳುವುದು. ಪ್ರೋಗ್ರಾಮುಗಳೆಲ್ಲ ಆ ಯಂತ್ರದ ಭಾಷೆಗೆ, ಅಂದರೆ ಪಿ-ಕೋಡಿಗೆ ಇಳಿಯುತ್ತವೆ. ಹೊಸ ಚಿಪ್ಪು ಬಂದರೆ ಆ ಕಾಲ್ಪನಿಕ ಯಂತ್ರದ ಹಾಗೆ ನಟಿಸುವ ಒಂದು ಚಿಕ್ಕ ಪ್ರೋಗ್ರಾಮು ಬರೆದರೆ ಸಾಕು. ಮಿಕ್ಕಿದ್ದೆಲ್ಲ ಹಾಗೇ ಓಡುತ್ತದೆ. ಒಂದೇ ವೇಷಕ್ಕೆ ಬೇರೆ ಬೇರೆ ಮೇಳದ ಕಲಾವಿದರು ಬಣ್ಣ ಹಚ್ಚಿದ ಹಾಗೆ.

ಯುಸಿಎಸ್‌ಡಿ ಪಿ-ಸಿಸ್ಟಮ್ ಎಂಬ ಹೆಸರಿನಲ್ಲಿ ಇದು ಲೋಕ ಸುತ್ತಿತು. ಆಪಲ್‌ನವರ 1979ರ ಪ್ಯಾಸ್ಕಲ್ ಇದರ ಮೇಲೆಯೇ ನಿಂತಿತ್ತು. ಅದೇ ವರ್ಷ ಇದನ್ನು ಮಾರುವ ಹಕ್ಕು ಒಂದು ಕಂಪನಿಗೆ ಹೋಯಿತು. 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದಕ್ಕೆಂದು ಸಾರಿದ ಮೂರು ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಒಂದು ಈ ಪಿ-ಸಿಸ್ಟಮ್. ಅಗ್ಗವಾಗಿದ್ದ, ವೇಗವಾಗಿದ್ದ ಡಾಸ್ ಗೆದ್ದಿತು ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ‘ಯಂತ್ರವನ್ನೇ ಕಲ್ಪಿಸಿಕೋ’ ಎಂಬ ಯೋಚನೆ ಸಾಯಲಿಲ್ಲ. 1995ರಲ್ಲಿ ಬಂದ ಜಾವಾ ಅದೇ ದಾರಿಯಲ್ಲಿ ನಡೆಯಿತು. ಇಂದು ಇಡೀ ಹಳೇ ಕಂಪ್ಯೂಟರನ್ನೇ ಸಾಫ್ಟ್‌ವೇರಿನಲ್ಲಿ ನಟಿಸುವ ಕ್ಯೂಎಮು ಮುಂತಾದವೂ ಇದೇ ಬಗೆಯವು.

ಒಂದೇ ತಾಯಿಯ ಮಕ್ಕಳು

ಯುಸಿಎಸ್‌ಡಿಯ ಅಕ್ಕ ಬರ್ಕ್ಲಿ. ಎರಡೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕವಲುಗಳು. ಬರ್ಕ್ಲಿಯಲ್ಲಿ ಬಿಲ್ ಜಾಯ್ ಮತ್ತು ಸಂಗಡಿಗರು 1970ರ ದಶಕದ ಕೊನೆಯಿಂದ ಯೂನಿಕ್ಸನ್ನು ತಿದ್ದಿ, ಬೆಳೆಸಿ ಬಿಎಸ್‌ಡಿ ಎಂಬ ಹೆಸರಿನಲ್ಲಿ ಹಂಚಿದರು. 1983ರ 4.2, 1986ರ 4.3 ಆವೃತ್ತಿಗಳು ಜಗತ್ತಿನ ವಿಶ್ವವಿದ್ಯಾಲಯಗಳನ್ನೆಲ್ಲ ತಲುಪಿದವು. ಆ ಕೋಡಿನಿಂದಲೇ ವಿಲಿಯಂ ಮತ್ತು ಲಿನ್ ಜೊಲಿಟ್ಸ್ ದಂಪತಿಗಳು 1992ರಲ್ಲಿ ಸಾಮಾನ್ಯ ಪಿಸಿಗೆ 386ಬಿಎಸ್‌ಡಿ ಕೊಟ್ಟರು. ಅದರಿಂದ 1993ರಲ್ಲಿ ನೆಟ್‌ಬಿಎಸ್‌ಡಿ, ಫ್ರೀಬಿಎಸ್‌ಡಿ ಹುಟ್ಟಿದವು. ನೆಟ್‌ಬಿಎಸ್‌ಡಿಯಿಂದ ಒಡೆದು ಓಪನ್‌ಬಿಎಸ್‌ಡಿ ಬೇರೆ ಮನೆ ಹೂಡಿತು.

ಒಂದೇ ತಾಯಿಯ ಮಕ್ಕಳಾದರೂ ಹಳೇ ಬಾಗಿಲಿನ ವಿಷಯದಲ್ಲಿ ಸ್ವಭಾವ ಬೇರೆ ಬೇರೆ. ಫ್ರೀಬಿಎಸ್‌ಡಿಯದು ಹಿರಿಯಣ್ಣನ ಸ್ವಭಾವ. ಕರ್ನಲ್ ಕಟ್ಟುವಾಗ ‘ನಾಲ್ಕನೇ ಆವೃತ್ತಿಗೆ ಹೊಂದಿಕೆ’, ‘ಏಳನೇ ಆವೃತ್ತಿಗೆ ಹೊಂದಿಕೆ’ ಎಂದು ಆಯ್ಕೆಗಳ ಸಾಲೇ ಇರುತ್ತದೆ. 4.3 ಬಿಎಸ್‌ಡಿ ಕಾಲದ ನಡವಳಿಕೆಗೂ ಒಂದಿದೆ. ಹಳೇ ಲೈಬ್ರರಿಗಳು ಬೇಕೆಂದರೆ ಅವುಗಳ ಪ್ಯಾಕೇಜು ಬೇರೆ. 2018ರ 12ನೇ ಆವೃತ್ತಿಯಲ್ಲಿ ಡಿಸ್ಕಿನ ಫೈಲುಗಳಿಗೆ ಕೊಡುವ ಒಳನಂಬರನ್ನು 32 ಬಿಟ್‌ನಿಂದ 64ಕ್ಕೆ ಹಿಗ್ಗಿಸಿದರು. ಫೈಲಿನ ವಿವರ ಕೇಳುವ ಪ್ರತಿ ಪ್ರೋಗ್ರಾಮಿಗೂ ಅದು ತಟ್ಟುವ ಬದಲಾವಣೆ. ಹಳೇ ಬಾಗಿಲು ಕಿತ್ತುಹಾಕಲಿಲ್ಲ. ಹೊಸ ಬಾಗಿಲಿಗೆ ಹೊಸ ನಂಬರು ಕೊಟ್ಟು, ಹಳೇ ನಂಬರಿನಲ್ಲಿ ಬಂದವರಿಗೆ ಹಳೇ ಅಳತೆಯಲ್ಲೇ ಉತ್ತರ ಕೊಡುವ ಏರ್ಪಾಟು ಮಾಡಿದರು.

ಓಪನ್‌ಬಿಎಸ್‌ಡಿಯದು ಇದಕ್ಕೆ ಸರಿ ವಿರುದ್ಧ. 2014ರ ಮೇ ತಿಂಗಳ 5.5ನೇ ಆವೃತ್ತಿಯಲ್ಲಿ ಕಾಲ ಎಣಿಸುವ ಅಂಕಿಯನ್ನು ಎಲ್ಲ ಯಂತ್ರಗಳಲ್ಲೂ 64 ಬಿಟ್ ಮಾಡಿ, ಹಳೆಯ ಪ್ರೋಗ್ರಾಮುಗಳನ್ನೆಲ್ಲ ಸೋರ್ಸ್‌ನಿಂದ ಹೊಸದಾಗಿ ಕಟ್ಟಿಕೊಳ್ಳಿ ಅಂದರು. 2016ರಲ್ಲಿ ಲಿನಕ್ಸ್ ಪ್ರೋಗ್ರಾಮು ಓಡಿಸುವ ಸೌಕರ್ಯವನ್ನೂ ತೆಗೆದರು. ಇದು ಕಟುಕತನ ಅನ್ನಿಸಬಹುದು, ಆದರೆ ಅವರ ವಾದದಲ್ಲಿ ಹುರುಳಿದೆ. ಯಾರೂ ಓಡಾಡದ ಹಿತ್ತಿಲ ಬಾಗಿಲಿನಿಂದಲೇ ಕಳ್ಳ ಬರುವುದು. ಹಳೇ ಬಾಗಿಲುಗಳನ್ನು ಕಾಯಲು ಜನ ಬೇಕು, ಕಾಯದಿದ್ದರೆ ಮನೆಗೇ ಅಪಾಯ. ನಾವು ಮೂವರಲ್ಲಿ ಒಬ್ಬರು ಈ ಪಕ್ಷ. ಮೇಷ್ಟ್ರ ಸಿಡಿ ಎದುರಿಗಿದ್ದಾಗಲೂ ಅವರು ಪಕ್ಷ ಬದಲಾಯಿಸಲಿಲ್ಲ. “ಸೋರ್ಸ್ ಇಟ್ಟುಕೊಂಡಿದ್ದರೆ ಈ ಗೋಳೇ ಇರುತ್ತಿರಲಿಲ್ಲವಲ್ಲ ಮಾರಾಯ್ರೇ” ಅಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಬೆಂಗಳೂರಿನಿಂದ ಬಂದ ಸಿಡಿ

ಮತ್ತೆ ನಮ್ಮ ಪ್ರೋಗ್ರಾಮಿಗೆ ಬರೋಣ. ಬೇಕಾಗಿದ್ದದ್ದು ಹಳೇ ಲೋಡರು ಮತ್ತು ‘ಲಿಬ್‌ಸಿ 5’ ಎಂಬ ಹಳೇ ಲೈಬ್ರರಿ. ಲಿನಕ್ಸ್ ಲೋಕ 1997ರಿಂದ 1999ರ ಒಳಗೆ ಅದನ್ನು ಬಿಟ್ಟು ಜಿಲಿಬ್‌ಸಿ 2ಕ್ಕೆ ದಾಟಿತು. ರೆಡ್ ಹ್ಯಾಟ್ 5.0 ದಾಟಿದ್ದು 1997ರ ಕೊನೆಗೆ, ಡೆಬಿಯನ್ 2.0 ದಾಟಿದ್ದು 1998ರಲ್ಲಿ, ನಿಧಾನಸ್ಥ ಸ್ಲ್ಯಾಕ್‌ವೇರ್ ದಾಟಿದ್ದು 1999ರ 7.0ರಲ್ಲಿ. ನಮ್ಮ ಗೆಳೆಯ ಪ್ರೋಗ್ರಾಮು ಕಟ್ಟಿದ್ದು ಹೊಳೆ ದಾಟುವ ಸ್ವಲ್ಪ ಮುಂಚೆ. ಎರಡು ಮೂರು ವರ್ಷ ಇನ್ನೂ ಹಿಂದೆ ಕಟ್ಟಿದ್ದರೆ ಕಷ್ಟವಿತ್ತು. ಆಗ ಪ್ರೋಗ್ರಾಮುಗಳು ‘ಎ.ಔಟ್’ ಎಂಬ ಬೇರೆ ರೂಪದಲ್ಲಿರುತ್ತಿದ್ದವು, 1995ರ ಸುಮಾರಿಗೆ ‘ಎಲ್ಫ್’ ರೂಪಕ್ಕೆ ಬದಲಾದವು. ಮಾತಿಗೆ ತಪ್ಪದ ಲಿನಕ್ಸ್ ಕೂಡ, ಬಳಸುವವರೇ ಕಾಣದ ಎ.ಔಟ್ ಬಾಗಿಲನ್ನು 2022ರಲ್ಲಿ ಮುಚ್ಚಿತು.

ಲಿಬ್‌ಸಿ 5 ಎಲ್ಲಿಂದ ತರುವುದು? ಅದೂ ಅದೇ ಗ್ಯಾರೇಜಿನಲ್ಲಿತ್ತು! ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಬಂದಿದ್ದ ಒಂದು ಲಿನಕ್ಸ್ ಸಿಡಿ. ನಮ್ಮ ವಯಸ್ಸಿನ, ಊರಿನಲ್ಲಿ ಓದಿದ ಕಂಪ್ಯೂಟರ್ ಮಂದಿಗೆ ಈ ಹೆಸರು ಕೇಳಿದರೆ ರೋಮಾಂಚನವಾಗುತ್ತದೆ. ಫೋನ್ ತಂತಿಯಲ್ಲಿ ಇಂಟರ್‌ನೆಟ್ ತೆವಳುತ್ತಿದ್ದ ಕಾಲ. ಲಿನಕ್ಸ್ ಡೌನ್‌ಲೋಡ್ ಮಾಡುವುದು ಕನಸಿನ ಮಾತು. 1996ರಲ್ಲಿ ಪಿಸಿಕ್ವೆಸ್ಟ್ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಕೊಡುವ ಕೆಲಸಕ್ಕೆ ಮುಂದಾದವರು ಬೆಂಗಳೂರಿನ ಅತುಲ್ ಚಿಟ್ಣಿಸ್. ಭಾರತದಲ್ಲಿ ಸಾವಿರಾರು ಹುಡುಗರು ಮೊದಲ ಸಲ ಲಿನಕ್ಸ್ ಕಂಡದ್ದು ಆ ಸಿಡಿಗಳಿಂದ. ಬೆಂಗಳೂರಿನಲ್ಲಿ 2001ರಲ್ಲಿ ಶುರುವಾಗಿ ಆಮೇಲೆ ‘ಫಾಸ್ ಡಾಟ್ ಇನ್’ ಎಂದು ಹೆಸರಾದ ಸಮ್ಮೇಳನವನ್ನು ಕಟ್ಟಿದವರೂ ಅವರೇ. 2013ರಲ್ಲಿ ತೀರಿಕೊಂಡರು. ಮೇಷ್ಟ್ರ ಗೆಳೆಯ ರಜೆಗೆ ಊರಿಗೆ ಹೋದಾಗ ಈ ಸಿಡಿ ತಂದಿದ್ದನಂತೆ. ಅಮೆರಿಕದಿಂದ ಊರಿಗೆ ಚಾಕೊಲೇಟು, ಊರಿನಿಂದ ಅಮೆರಿಕಕ್ಕೆ ಲಿನಕ್ಸು!

ಒಂದು ಖಾಲಿ ಡೈರೆಕ್ಟರಿ ಮಾಡಿ, ಬೆಂಗಳೂರಿನ ಸಿಡಿಯಿಂದ ಹಳೇ ಲೋಡರು, ಹಳೇ ಲೈಬ್ರರಿ ಅದರೊಳಗಿಟ್ಟು, ಪ್ರೋಗ್ರಾಮನ್ನೂ ಮೇಷ್ಟ್ರ ಫೈಲುಗಳನ್ನೂ ಅಲ್ಲೇ ಕೂರಿಸಿದೆವು. ಯೂನಿಕ್ಸಿನಲ್ಲಿ ‘ಸಿಎಚ್‌ರೂಟ್’ ಎಂದೊಂದು ಹಳೇ ಆಜ್ಞೆಯಿದೆ. ಅದರಿಂದ ಆ ಡೈರೆಕ್ಟರಿಯೇ ಇಡೀ ಲೋಕವೆಂದು ಪ್ರೋಗ್ರಾಮನ್ನು ನಂಬಿಸಬಹುದು. ಹಳೇ ಬಾಗಿಲ ಕಳ್ಳನ ಮಾತು ನೆನಪಿಟ್ಟು ನೆಟ್‌ವರ್ಕ್ ತಂತಿ ಕಿತ್ತಿಟ್ಟೆವು. ಎಂಟರ್ ಒತ್ತಿದೆವು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹನ್ನೊಂದು ಹೊಸ ಫೈಲುಗಳು! ಜಗಲಿಯ ಮೇಲಿನವರೆಲ್ಲ ಬೆಂಗಳೂರಿನಿಂದ ಬಂದವರು, ಒಳಗಿನ ಯಜಮಾನ ಮಾತ್ರ ಇಂದಿನವನು. ನಾಲ್ಕನೇ ನಂಬರಿನ ಬಾಗಿಲು ತಟ್ಟಿದ್ದಕ್ಕೆ ಅವನು ತೆರೆದಿದ್ದ.

ಬಾಳ್ ಮತ್ತು ಬಾೞ್

ಹೊರಬಂದದ್ದು ಟೆಕ್ ಎಂಬ ಅಚ್ಚಿನ ವ್ಯವಸ್ಥೆಯ ಫೈಲುಗಳು. ಡೊನಾಲ್ಡ್ ಕನೂತ್ ಅದರ ಕೆಲಸ ಶುರುಮಾಡಿದ್ದು 1970ರ ದಶಕದ ಕೊನೆಯಲ್ಲಿ. ಇನ್ನು ಹೊಸದೇನನ್ನೂ ಸೇರಿಸುವುದಿಲ್ಲ, ತಪ್ಪು ತಿದ್ದುವುದಷ್ಟೇ ಎಂದು 1990ರಲ್ಲಿ ಘೋಷಿಸಿದರು. ಅಲ್ಲಿಂದ ಅದರ ಆವೃತ್ತಿ ಸಂಖ್ಯೆ ಪ್ರತಿ ತಿದ್ದುಪಡಿಗೂ ಗಣಿತದ ‘ಪೈ’ಗೆ ಒಂದೊಂದು ಅಂಕಿ ಹತ್ತಿರವಾಗುತ್ತದೆ. 2021ರಲ್ಲಿ ಅದು 3.141592653 ಆಯಿತು. ಅಕ್ಷರದ ಅಚ್ಚು ಕಡೆಯುವ ಅದರ ಜೊತೆಗಾರ ಮೆಟಾಫಾಂಟ್ ಕೂಡ ಹಾಗೆಯೇ ಸ್ಥಿರವಾಗಿದೆ. 1990ರ ದಶಕದಲ್ಲಿ ಕನ್ನಡಕ್ಕೂ ಮೆಟಾಫಾಂಟಿನಲ್ಲಿ ಅಕ್ಷರಗಳು ಬಂದಿದ್ದವು, ಗೆಳೆಯ ಅವನ್ನೂ ಸಿಡಿಯಲ್ಲಿ ಇಟ್ಟಿದ್ದ. ಹಾಗಾಗಿ ಇಲ್ಲಿಂದ ಮುಂದೆ ತೊಂದರೆಯೇ ಆಗಲಿಲ್ಲ. ಪ್ರಿಂಟರಿನಿಂದ ಪುಟಗಳು ಬಂದವು. ನಂಬರು-ಅಕ್ಷರದ ಪಟ್ಟಿ ಮಾಡಿಕೊಂಡು ಇಡೀ ಬರಹವನ್ನು ಯೂನಿಕೋಡಿಗೂ ಇಳಿಸಿದೆವು.

ಪಟ್ಟಿ ಮಾಡುವಾಗ ಒಂದು ಕಡೆ ನಿಂತೆವು. ಮೇಷ್ಟ್ರು ಒಂದು ಅಧ್ಯಾಯದಲ್ಲಿ ಹುಡುಗರಿಗೆ ಹಳಗನ್ನಡ ಕಲಿಸಿದ ಪ್ರಸಂಗ ಹೇಳುತ್ತಾರೆ. ಬಾಳ್ ಅಂದರೆ ಕತ್ತಿ. ಬಾೞ್ ಅಂದರೆ ಬದುಕು. ಇಂದು ಎರಡನ್ನೂ ನಾವು ಒಂದೇ ಳಕಾರದಲ್ಲಿ ಬರೆಯುತ್ತೇವೆ. ಹಳಬರಿಗೆ ಅವು ಬೇರೆ ಅಕ್ಷರ, ಬೇರೆ ಉಚ್ಚಾರ. ಗೆಳೆಯ ಶ್ರದ್ಧೆಯಿಂದ ೞಕಾರಕ್ಕೆ ಬೇರೆ ನಂಬರು ಕೊಟ್ಟಿದ್ದ. ಪ್ರೋಗ್ರಾಮಿಲ್ಲದೆ ನಾವು ಊಹೆಯ ಮೇಲೆ ಬಿಡಿಸಿದ್ದರೆ ಬದುಕು ಕತ್ತಿಯಾಗಿಬಿಡುತ್ತಿತ್ತು.

ಯೂನಿಕೋಡಿನಲ್ಲಿ ಈ ೞಕಾರದ್ದೇ ಒಂದು ತಮಾಷೆಯ ಕಥೆಯಿದೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅಲ್ಲಿ ಜಾಗವಿದೆ. ಆದರೆ ಈ ಅಕ್ಷರಕ್ಕೆ ಯಾರೋ ತಪ್ಪಾಗಿ ‘ಫಾ’ ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟರು. ಕೊಟ್ಟ ಹೆಸರನ್ನೂ ಜಾಗವನ್ನೂ ಎಂದಿಗೂ ಬದಲಾಯಿಸುವುದಿಲ್ಲವೆಂಬುದು ಯೂನಿಕೋಡಿನ ಕಟ್ಟಳೆ. ಆದ್ದರಿಂದ ತಪ್ಪು ಹೆಸರು ಇಂದಿಗೂ ಹಾಗೇ ಇದೆ. ಪಕ್ಕದಲ್ಲಿ ಸರಿಯಾದ ಹೆಸರನ್ನು ಅಡ್ಡಹೆಸರಿನ ಹಾಗೆ ಸೇರಿಸಿದ್ದಾರೆ. ಶಾಲೆಯ ರಿಜಿಸ್ಟರಿನಲ್ಲಿ ತಪ್ಪು ಬಿದ್ದ ಹೆಸರು ಜೀವನಪರ್ಯಂತ ಬೆನ್ನು ಬಿಡದ ಹಾಗೆ! ನಗು ಬರುತ್ತದೆ. ಆದರೆ ಆ ಹಠದಿಂದಲೇ ಇಂದು ಬರೆದ ೞಕಾರ ನಾಳೆಯೂ ೞಕಾರವಾಗಿಯೇ ಕಾಣುತ್ತದೆ.

ಇದಕ್ಕೆ ಹೋಲಿಸಿ, ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನಮ್ಮ ಕನ್ನಡ ಫಾಂಟುಗಳನ್ನು ನೆನೆಯಿರಿ. 1998ರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ನಮಗೆಲ್ಲ ಎಷ್ಟು ಉಪಕಾರ ಮಾಡಿದವು! ಆದರೆ ಆ ಕಾಲದ ಫೈಲುಗಳನ್ನು ಅದೇ ಫಾಂಟಿಲ್ಲದೆ ತೆರೆದರೆ ಕಾಣುವುದು ತಲೆಯ ಮೇಲೆ ಟೋಪಿ, ಚುಕ್ಕಿ ಹೊತ್ತ ಯುರೋಪಿನ ಅಕ್ಷರಗಳು. ಅವನ್ನು ಪರಿವರ್ತಿಸುವ ಸಾಧನಗಳಿವೆ, ಪುಣ್ಯ. ಆದರೆ ಕೀಬೋರ್ಡನ್ನು ನೋಡಿ. ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಗಳ ಮೇಲೆಯೇ ಕನ್ನಡವನ್ನು ಕೂರಿಸಿ ಕೊಟ್ಟ ವಿನ್ಯಾಸ ನುಡಿಯಲ್ಲೂ ಇತ್ತು. ‘ಕಗಪ’ ಎಂಬ ಹೆಸರಿನಲ್ಲಿ ಇಂದಿನ ಲಿನಕ್ಸಿನಲ್ಲೂ ಇದೆ. ಫಾಂಟು ಹೋಯಿತು, ಎನ್‌ಕೋಡಿಂಗ್ ಹೋಯಿತು, ವಿಂಡೋಸ್ ಆವೃತ್ತಿಗಳು ಎಷ್ಟೋ ಹೋದವು. ಬೆರಳಿನ ಅಭ್ಯಾಸ ಮಾತ್ರ ಉಳಿದಿದೆ. ಯಾಕೆಂದರೆ ಎಲ್ಲರೂ ಒಪ್ಪಿದ ಒಡಂಬಡಿಕೆ ಅದು. ಒಳಗೆ ಏನು ಬದಲಾದರೂ ಬಾಗಿಲಿನ ನಂಬರು ಬದಲಾಗಲಿಲ್ಲ.

2038ರ ಜನವರಿ

ಈ ಮಾತಿಗೂ ಒಂದು ಗಡುವಿದೆ. ನಮ್ಮ ಪ್ರೋಗ್ರಾಮಿನಂಥ 32 ಬಿಟ್ ಮಂದಿ 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ಕಾಲ ಹೇಳುತ್ತಾರೆ. 2038ರ ಜನವರಿ 19ರಂದು ಆ ಎಣಿಕೆಯ ಬಟ್ಟಲು ತುಂಬಿ, ಗಡಿಯಾರ 1901ಕ್ಕೆ ಹಾರುತ್ತದೆ. ಡೆಬಿಯನ್‌ನವರು ಈಚೆಗೆ ತಮ್ಮ ಮಿಕ್ಕ 32 ಬಿಟ್ ಯಂತ್ರಗಳಲ್ಲಿ ಬಟ್ಟಲು ದೊಡ್ಡದು ಮಾಡಿದರು. ಆದರೆ ಹಳೇ ಇಂಟೆಲ್ ಪ್ರೋಗ್ರಾಮುಗಳ ವಿಭಾಗವನ್ನು ಬೇಕೆಂದೇ ಹಾಗೇ ಬಿಟ್ಟರು. ಆ ವಿಭಾಗ ಇರುವುದೇ ಹಳಬರನ್ನು ಓಡಿಸಲು. ಬಟ್ಟಲು ಬದಲಾಯಿಸಿದರೆ ಹಳಬರು ಓಡುವುದಿಲ್ಲ. 2025ರ ಆಗಸ್ಟಿನ 13ನೇ ಆವೃತ್ತಿಯಿಂದ ಆ ವಿಭಾಗಕ್ಕೆ ತನ್ನದೇ ಕರ್ನಲ್ ಕೂಡ ಇಲ್ಲ. 64 ಬಿಟ್ ಮನೆಯೊಳಗೆ ಅತಿಥಿಯಾಗಿ ಇರಬೇಕು. ಮೇಷ್ಟ್ರಿಗೂ ನಮ್ಮೂರಿನಲ್ಲಿ ಹಾಗೇ ಅಲ್ಲವೇ ಇದ್ದದ್ದು, ಮಗನ ಮನೆಯಲ್ಲಿ.

ಪುಟಗಳನ್ನು ಕಟ್ಟಿಸಿ ಅವರ ಸೊಸೆಗೆ ಕೊಟ್ಟು ಬಂದೆವು. ಅವರು ಮೊದಲು ನೋಡಿದ್ದು ಕತ್ತಿ-ಬದುಕಿನ ಅಧ್ಯಾಯವನ್ನಲ್ಲ. ನಾವು ಗಮನಿಸದೇ ಇದ್ದ ಒಂದು ಪುಟದಲ್ಲಿ ಮೇಷ್ಟ್ರು ಈ ಊರಿನ ಚಳಿಗಾಲದ ಒಂದು ಸಂಜೆ, ಸೊಸೆ ಮಾಡಿದ ಸಾರಿನ ವಾಸನೆಗೆ ತಮ್ಮ ತಾಯಿಯ ನೆನಪು ಬಂದದ್ದನ್ನು ಬರೆಸಿದ್ದರು. “ನನಗೆ ಯಾವತ್ತೂ ಹೇಳಲೇ ಇಲ್ಲ ನೋಡಿ” ಅಂದರು ಅಕ್ಕ. ಆಮೇಲೆ ಕಾಫಿ ತರಲು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ಮಾತಿಗೆ ತಪ್ಪದ ಪುಣ್ಯಕೋಟಿಯನ್ನು ಮೆಚ್ಚಿ ಬೆಳೆದವರು ನಾವು. ಯಾವುದೋ ದೇಶದಲ್ಲಿ ಕೂತು, ಯಾರೂ ಬಳಸದಿರಬಹುದಾದ ಹಳೇ ಬಾಗಿಲಿಗೆ ಎಣ್ಣೆ ಹಾಕುತ್ತಿರುವ ಹೆಸರು ಗೊತ್ತಿಲ್ಲದ ಮಂದಿ ಆಡಿದ ಮಾತು ಉಳಿಸಿಕೊಂಡಿದ್ದಾರೆ. ನಮ್ಮ ಪಾಲಿನದು ನಾವು ಮಾಡಬೇಡವೇ? ನಿಮ್ಮ ಗ್ಯಾರೇಜಿನಲ್ಲೂ ಒಂದು ಪೆಟ್ಟಿಗೆ ಇದ್ದೀತು. ಸಿಡಿಗಳಿಗೂ ಆಯುಸ್ಸಿದೆ, ಫ್ಲಾಪಿಗಳಿಗೆ ಇನ್ನೂ ಕಡಿಮೆ. ತೆಗೆದು ನೋಡಿ. ಬರಹವಿದ್ದರೆ ಯೂನಿಕೋಡಿಗೆ ಇಳಿಸಿ, ಎರಡು ಮೂರು ಕಡೆ ಪ್ರತಿ ಇಡಿ. ಪ್ರೋಗ್ರಾಮಿದ್ದರೆ ಸೋರ್ಸ್ ಹುಡುಕಿ, ಜೊತೆಗೇ ಕಟ್ಟಿಡಿ. ಬಿಡಿಸಲು ಕಷ್ಟವಾದರೆ ಈ ಮೇಲ್‌ಗೆ ಉತ್ತರ ಬರೆಯಿರಿ, ನಾವು ಮೂವರು ಇದ್ದೇವೆ. ಕಾಫಿ ಕೊಟ್ಟರೆ ಸಾಕು. ಪೆಟ್ಟಿಗೆ ಮಾತ್ರ ನೀವೇ ಹೊರಬೇಕು.